ಹಳೆಯ ಕಾರು, ಹೊಸ ಕಾರು: ಯಾವುದನ್ನು ಎಷ್ಟು ನೆಚ್ಚಬಹುದೆಂದು ತೂಗಿ ನೋಡುವ ಬಗೆ

ನಮ್ಮ ಮನೆಯ ಕೊಟ್ಟಿಗೆಗೆ ತಾಗಿದ ಶೆಡ್ಡಿನಲ್ಲಿ ಎರಡು ಕಾರುಗಳು ನಿಲ್ಲುತ್ತವೆ. ಒಂದು ತಂದೆಯವರ ಕಾಲದ್ದು, 1979ರಲ್ಲಿ ನೋಂದಣಿಯಾದದ್ದು. ಇನ್ನೊಂದು ಈಚೆಗೆ ಕೊಂಡದ್ದು. ಜಾತ್ರೆಗೋ ಮದುವೆಗೋ ಹೊರಡುವಾಗ ಮನೆಮಂದಿಗೆಲ್ಲ ಹಳೆಯ ಕಾರೇ ಬೇಕು. ಆದರೆ ನಡುರಾತ್ರಿ ಯಾರಿಗಾದರೂ ಎದೆನೋವು ಬಂದು ಮಂಗಳೂರಿನ ಆಸ್ಪತ್ರೆಗೆ ಧಾವಿಸಬೇಕಾದಾಗ ಒಬ್ಬರ ಕೈಯೂ ಹಳೆಯ ಕಾರಿನ ಕೀಲಿಕೈಯತ್ತ ಹೋಗುವುದಿಲ್ಲ. ಅದೇ ಜನ ಮರುವಾರ ಜಗಲಿಯಲ್ಲಿ ಕುಳಿತು ಕವಳ ಹಾಕುತ್ತ, ಹಿಂದಿನ ಗಾಡಿಗಳ ಗಟ್ಟಿತನ ಈಗಿನವಕ್ಕೆ ಎಲ್ಲಿಂದ ಬರಬೇಕು ಎಂದು ಮಾತು ತೆಗೆಯುತ್ತಾರೆ. ಬಾಯಿ ಹೇಳುವುದಕ್ಕೂ ಕೈ ಮಾಡುವುದಕ್ಕೂ ಇಷ್ಟು ಅಂತರವಿರುವುದೇಕೆ ಎಂದು ಯೋಚಿಸಿದಾಗ, ಈ ಎರಡು ಬಗೆಯ ವಾಹನಗಳನ್ನು ಹೋಲಿಸಲು ನಮ್ಮಲ್ಲಿ ಸರಿಯಾದ ತಕ್ಕಡಿಯೇ ಇಲ್ಲವೆಂಬುದು ಹೊಳೆಯಿತು. ಅಂಥದೊಂದು ತಕ್ಕಡಿಯನ್ನು ಕಟ್ಟಿಕೊಳ್ಳುವ ಕ್ರಮವನ್ನು, ಹಳೆಯ ಕಾರನ್ನು ಉಳಿಸಿಕೊಂಡವರಿಗೂ ಕೊಳ್ಳಬೇಕೆಂದಿರುವವರಿಗೂ ಒದಗುವಂತೆ, ಇಲ್ಲಿ ವಿವರಿಸಿದ್ದೇನೆ.

ಮೊದಲು ಮಾತನ್ನು ಬಿಡಿಸಿಕೊಳ್ಳಬೇಕು

‘ಗಟ್ಟಿ’ ಎಂಬ ಒಂದೇ ಪದದೊಳಗೆ ನಾವು ನಾಲ್ಕು ಬೇರೆ ಬೇರೆ ಗುಣಗಳನ್ನು ತುಂಬಿರುತ್ತೇವೆ. ಹೇಳಿದ ಕ್ರಮದಲ್ಲಿ ಆರೈಕೆ ಮಾಡಿದ ಗಾಡಿಯು ಹೊರಟ ಪ್ರಯಾಣವನ್ನು ನಡುದಾರಿಯಲ್ಲಿ ಕೈಕೊಡದೆ ಮುಗಿಸುವ ಸಂಭವ ಎಷ್ಟು ಎಂಬುದು ನೆಚ್ಚಿಕೆ ಅಥವಾ ವಿಶ್ವಾಸಾರ್ಹತೆ. ಎಷ್ಟು ವರ್ಷ, ಎಷ್ಟು ಲಕ್ಷ ಕಿಲೋಮೀಟರ್ ಅದು ಬದುಕೀತು ಎಂಬುದು ಬಾಳಿಕೆ. ಕೆಟ್ಟಾಗ ಎಷ್ಟು ಬೇಗ, ಯಾರ ಕೈಯಿಂದ, ಯಾವ ಹತಾರಗಳಿಂದ ಸರಿಯಾದೀತು ಎಂಬುದು ರಿಪೇರಿಗೆ ಒಗ್ಗುವ ಗುಣ. ಗುದ್ದಿದಾಗ ಒಳಗಿರುವವರು ಉಳಿಯುತ್ತಾರೆಯೇ ಎಂಬುದು ಸುರಕ್ಷತೆ. ಹಳೆಯ ಅಂಬಾಸಿಡರನ್ನು ಹೊಗಳುವವರು ಬಹುಮಟ್ಟಿಗೆ ಎರಡನೆಯ ಮತ್ತು ಮೂರನೆಯ ಗುಣಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲನೆಯದನ್ನು ಹೊಗಳುತ್ತಿರುತ್ತಾರೆ.

ಸುರಕ್ಷತೆಯ ಪ್ರಶ್ನೆಯನ್ನು ಇಲ್ಲಿಯೇ ಮುಗಿಸಿಬಿಡುವುದು ಒಳ್ಳೆಯದು, ಏಕೆಂದರೆ ತಗಡಿನ ದಪ್ಪದ ಮಾತು ಹೋಲಿಕೆಯುದ್ದಕ್ಕೂ ನುಸುಳುತ್ತಿರುತ್ತದೆ. 2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯು 1959ರ ಶೆವ್ರೊಲೆ ಬೆಲ್ ಏರ್ ಕಾರನ್ನೂ 2009ರ ಶೆವ್ರೊಲೆ ಮಲಿಬು ಕಾರನ್ನೂ ಗಂಟೆಗೆ ಸುಮಾರು 64 ಕಿ.ಮೀ. ವೇಗದಲ್ಲಿ ಮುಖಾಮುಖಿ ಗುದ್ದಿಸಿತು. ಹಳೆಯ ಕಾರಿನ ಚಾಲಕನ ಜಾಗ ಮುದ್ದೆಯಾಯಿತು. ಹೊಸದರ ಮೂತಿ ಕುಗ್ಗಿ, ಒಳಗಿನ ಗೂಡು ಉಳಿಯಿತು. ದಪ್ಪ ತಗಡು ಕಲ್ಲು ತಾಗಿದಾಗಿನ ಗೀರಿಗೆ ಒಳ್ಳೆಯದು, ಪ್ರಾಣಕ್ಕಲ್ಲ. ಇನ್ನು ಮುಂದೆ ಈ ವಿಷಯವನ್ನು ಎತ್ತುವುದಿಲ್ಲ.

‘ಕೈಕೊಟ್ಟಿತು’ ಎಂದರೇನು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು, ಇಲ್ಲದಿದ್ದರೆ ಯಾವ ಲೆಕ್ಕವೂ ನಿಲ್ಲದು. ಜರ್ಮನಿಯ ವಾಹನ ಮಾಲೀಕರ ಸಂಘವಾದ ಎ.ಡಿ.ಎ.ಸಿ. ಪ್ರಕಟಿಸುವ ಅಂಕಿಗಳಲ್ಲಿ ದಾರಿಯಲ್ಲಿ ಸಹಾಯಕ್ಕೆ ಕರೆ ಬಂದ ಪ್ರಸಂಗಗಳು ಲೆಕ್ಕಕ್ಕೆ ಬರುತ್ತವೆ. ಅಮೆರಿಕದ ಜೆ.ಡಿ. ಪವರ್ ಸಂಸ್ಥೆಯು ಮೂರು ವರ್ಷ ಹಳೆಯದಾದ ಕಾರುಗಳ ಒಡೆಯರಿಂದ ದೂರುಗಳನ್ನು ಕೇಳಿ ನೂರು ಕಾರಿಗೆ ಇಷ್ಟು ಎಂದು ಹೇಳುತ್ತದೆ. ಆ ದೂರುಗಳಲ್ಲಿ ಫೋನು ಕಾರಿನ ಪರದೆಗೆ ಜೋಡಣೆಯಾಗುವುದಿಲ್ಲ ಎಂಬಂಥವೂ ಸೇರಿರುತ್ತವೆ. ಪರದೆಯೇ ಇಲ್ಲದ 1979ರ ಕಾರಿಗೆ ಆ ದೂರು ಹುಟ್ಟುವ ಪ್ರಶ್ನೆಯೇ ಇಲ್ಲ. ಆದ್ದರಿಂದ ನಾನು ಎರಡೂ ಕಾರುಗಳ ತೊಂದರೆಗಳನ್ನು ಮೂರೇ ಮಾತಿನಲ್ಲಿ ಬರೆದಿಡುತ್ತೇನೆ: ನಿಂತಿತು, ಕುಂಟಿತು, ಕಿರಿಕಿರಿ. ತಳ್ಳಿಸಿಕೊಂಡು ಅಥವಾ ಎಳೆಸಿಕೊಂಡು ಬಂದರೆ ಮೊದಲನೆಯದು; ನಿಧಾನವಾಗಿಯಾದರೂ ತನ್ನ ಕಾಲಿನ ಮೇಲೆ ಮನೆ ಸೇರಿದರೆ ಎರಡನೆಯದು; ಗಾಜು ಇಳಿಯದಿರುವುದು, ಹಾರ್ನ್ ಕೆಟ್ಟಿರುವುದು ಮೂರನೆಯದು. ನೆಚ್ಚಿಕೆಯ ಹೋಲಿಕೆಗೆ ಮೊದಲೆರಡನ್ನು ಮಾತ್ರ ಹಿಡಿಯಬೇಕು. ಮಳೆಗಾಲದಲ್ಲಿ ವೈಪರ್ ಕೆಟ್ಟರೆ ಅದನ್ನು ಕಿರಿಕಿರಿಯ ಸಾಲಿಗೆ ಸೇರಿಸಬಾರದು. ನಮ್ಮ ಊರಿನ ಜೂನ್ ತಿಂಗಳಲ್ಲಿ ಅದು ನಿಂತಿತು ಎಂಬುದಕ್ಕೇ ಸಮ.

ಯಾವುದನ್ನು ಯಾವುದರ ಎದುರು ನಿಲ್ಲಿಸಬೇಕು

ವಿಂಟೇಜ್ ಎಂಬ ಮಾತಿಗೆ ಬ್ರಿಟನ್ನಿನ ಹವ್ಯಾಸಿಗಳಲ್ಲಿ 1919ರಿಂದ 1930ರವರೆಗಿನ ಗಾಡಿ ಎಂಬ ಅರ್ಥವಿದೆ. ನಮ್ಮಲ್ಲಿ 2021ರ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ಕಳೆದಿದ್ದು, ಮೂಲರೂಪ ಕೆಡದಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಆ ಹೆಸರು ಸಲ್ಲುತ್ತದೆ. ಹಾಗೆ ನೋಂದಾಯಿಸಿದರೆ ಸಂಖ್ಯೆಯಲ್ಲಿ ‘ವಿಎ’ ಅಕ್ಷರಗಳು ಬರುತ್ತವೆ; ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವಿದ್ದು, ಅದು 10 ವರ್ಷ ನಡೆಯುತ್ತದೆ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವುದು, ದುರಸ್ತಿ ಇಂಥವುಗಳಿಗಲ್ಲದೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಮ್ಮ ಮನೆಯದು ಈ ಲೆಕ್ಕದಲ್ಲಿ ಇನ್ನೂ ವಿಂಟೇಜ್ ಅಲ್ಲ, ಬರೀ ಹಳೆಯದು. ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಂಡು ಓಡಬೇಕಾದದ್ದು. ವರ್ಷಕ್ಕೆ ನಾಲ್ಕು ಸಲ ಹೊರಬರುವ ಗಾಡಿಯನ್ನು ದಿನವೂ ದುಡಿಯುವ ಗಾಡಿಯೊಂದಿಗೆ ಹೋಲಿಸುವುದು ಸಲ್ಲದಾದ್ದರಿಂದ ಈ ಭೇದವನ್ನು ಇಲ್ಲಿ ಹೇಳಬೇಕಾಯಿತು.

ಹೆಸರನ್ನು ನೋಡಿ ಹೋಲಿಸುವುದೂ ಸಲ್ಲದು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯ ರೂಪವನ್ನೇ ಹೊತ್ತು 1950ರ ದಶಕದ ಕೊನೆಯಲ್ಲಿ ಬಂದ ಅಂಬಾಸಿಡರ್ 2014ರ ಮೇ ತಿಂಗಳವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿತ್ತು. 1,489 ಸಿ.ಸಿ.ಯ ಹಳೆಯ ಪೆಟ್ರೋಲ್ ಇಂಜಿನ್ನಿನ ಗಾಡಿಗೂ 1990ರ ದಶಕದಲ್ಲಿ ಬಂದ ಇಸುಜು ಇಂಜಿನ್ನಿನ ಗಾಡಿಗೂ ಮೈಕಟ್ಟು ಒಂದೇ, ಗುಣ ಬೇರೆ. ಮಾರುತಿ 800 ಸಹ 1983ರ ಡಿಸೆಂಬರಿನಿಂದ, ಪೆಟ್ರೋಲನ್ನು ಗಾಳಿಗೆ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನೊಂದಿಗೆ ಓಡಿ, 2000ದ ಹೊತ್ತಿಗೆ ಇಂಧನವನ್ನು ನಳಿಗೆಯಿಂದ ಸಿಂಪಡಿಸುವ ವ್ಯವಸ್ಥೆಗೆ ಬದಲಾಯಿತು. ಆದ್ದರಿಂದ ತಯಾರಾದ ವರ್ಷಕ್ಕಿಂತ ಮೂರು ಪ್ರಶ್ನೆಗಳು ಮುಖ್ಯ: ಕಿಡಿ ಹುಟ್ಟುವುದು ಒಂದನ್ನೊಂದು ತಟ್ಟಿ ಬಿಡುವ ಲೋಹದ ಪಾಯಿಂಟಿನಿಂದಲೋ ಎಲೆಕ್ಟ್ರಾನಿಕ್ ಪೆಟ್ಟಿಗೆಯಿಂದಲೋ, ಪೆಟ್ರೋಲ್ ಹೋಗುವುದು ಕಾರ್ಬ್ಯುರೇಟರಿನಿಂದಲೋ ಇಂಜೆಕ್ಟರಿನಿಂದಲೋ, ಮೈಯ ಉಕ್ಕಿಗೆ ಸತುವಿನ ಲೇಪವಿದೆಯೋ ಇಲ್ಲವೋ.

ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ಇಂದು ರಸ್ತೆಯಲ್ಲಿ ನಮಗೆ ಕಾಣುವ ಹಳೆಯ ಕಾರುಗಳೆಲ್ಲ ಉಳಿದುಬಂದವು. ಅವುಗಳ ಜೊತೆಗೆ ಹುಟ್ಟಿದ ಉಳಿದವು ಎಂದೋ ಗುಜರಿ ಸೇರಿ ಕರಗಿಹೋಗಿವೆ. ಒಳ್ಳೆಯ ಇಂಜಿನ್, ಒಳ್ಳೆಯ ಒಡೆಯ, ಮಳೆ ಬೀಳದ ಶೆಡ್ಡು, ಈ ಮೂರೂ ಕೂಡಿಬಂದ ಕೆಲವನ್ನು ನೋಡಿ ಆ ಕಾಲದ ಗಾಡಿಗಳೆಲ್ಲ ಹೀಗೆಯೇ ಇದ್ದವು ಎನ್ನುವುದು, ತೊಂಬತ್ತು ದಾಟಿದ ಅಜ್ಜನೊಬ್ಬನನ್ನು ನೋಡಿ ಹಿಂದಿನವರೆಲ್ಲ ದೀರ್ಘಾಯುಷಿಗಳು ಎಂದ ಹಾಗೆ. ಹೊಸ ಕಾರಿನ ಕಡೆಯಲ್ಲಿ ಇಂಥ ಸೋಸುವಿಕೆ ಇನ್ನೂ ನಡೆದಿಲ್ಲ. ಒಳ್ಳೆಯವೂ ಕೆಟ್ಟವೂ ಒಟ್ಟಿಗೇ ಓಡುತ್ತಿವೆ.

ಯಂತ್ರಗಳ ಕೆಡುವಿಕೆಯನ್ನು ವಯಸ್ಸಿಗನುಗುಣವಾಗಿ ಗೀಚಿದರೆ ಸ್ನಾನದ ತೊಟ್ಟಿಯನ್ನು ಅಡ್ಡಲಾಗಿ ಸೀಳಿದಂಥ ಆಕಾರ ಬರುತ್ತದೆ. ತಯಾರಿಕೆಯ ದೋಷಗಳು ಹೊರಬೀಳುವ ಮೊದಲ ತಿಂಗಳುಗಳಲ್ಲಿ ಎತ್ತರ, ನಡುವೆ ದೀರ್ಘಕಾಲ ತಗ್ಗು, ಸವೆತ ಶುರುವಾದ ಮೇಲೆ ಮತ್ತೆ ಏರು. ನಲವತ್ತು ವರ್ಷದ ಕಾರು ಕೊನೆಯ ಏರಿನಲ್ಲಿದೆ, ಆರು ವರ್ಷದ್ದು ನಡುವಿನ ತಗ್ಗಿನಲ್ಲಿದೆ. ಹೀಗಾಗಿ ಹೋಲಿಕೆಯನ್ನು ಎರಡು ಬಾರಿ ಮಾಡಬೇಕು. ಇಂದು ನನಗೆ ಯಾವುದು ಆದೀತು ಎಂದು ಕೇಳುವಾಗ ಎರಡನ್ನೂ ಇಂದಿನ ಸ್ಥಿತಿಯಲ್ಲಿ ಇಡಬೇಕು. ಯಾವ ಕಾಲದವರು ಒಳ್ಳೆಯ ಗಾಡಿ ಮಾಡಿದರು ಎಂದು ಕೇಳುವಾಗ ಎರಡನ್ನೂ ಅವುಗಳ ಆರನೆಯ ವರ್ಷದಲ್ಲಿ ಇಡಬೇಕು. ಎರಡನೆಯದಕ್ಕೆ ನೆನಪು ಸಾಲದು. ಹಿರಿಯರು ಬರೆದಿಟ್ಟ ರಿಪೇರಿಯ ಚೀಟಿಗಳು ಬೇಕು.

ಲೆಕ್ಕದ ಪುಸ್ತಕ

ಎರಡು ರೂಪಾಯಿಯ ಪುಸ್ತಕವಾದರೂ ಸರಿ, ಪ್ರತಿ ಗಾಡಿಗೆ ಒಂದನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಡಬೇಕು. ದಿನಾಂಕ, ಮೀಟರಿನ ಓದು, ಏನಾಯಿತು, ಮೇಲೆ ಹೇಳಿದ ಮೂರರಲ್ಲಿ ಯಾವುದು, ಮತ್ತೆ ಓಡುವ ತನಕ ಎಷ್ಟು ಹೊತ್ತಾಯಿತು, ಎಷ್ಟು ಖರ್ಚಾಯಿತು, ಇಷ್ಟನ್ನು ಅಂದಂದೇ ಬರೆಯಬೇಕು. ಯೋಜಿತ ಆರೈಕೆಯನ್ನು, ಅಂದರೆ ಎಣ್ಣೆ ಬದಲಾವಣೆ, ಗ್ರೀಸು, ಪಾಯಿಂಟ್ ಹೊಂದಿಸುವಿಕೆ ಇಂಥವನ್ನು, ಪುಸ್ತಕದ ಹಿಂಬದಿಯಿಂದ ಬೇರೆಯಾಗಿ ಬರೆಯಬೇಕು. ಹಳೆಯ ಕಾರಿನ ಮೀಟರಿಗೆ ಹೆಚ್ಚಾಗಿ ಐದೇ ಅಂಕಿಗಳಿದ್ದು, 99,999 ದಾಟಿದೊಡನೆ ಅದು ಸೊನ್ನೆಗೆ ಮರಳುತ್ತದೆಂಬುದು ನೆನಪಿರಲಿ. ಮಾರುವವರು 43,000 ತೋರಿಸಿದರೆ ಅದು ಒಂದು ಲಕ್ಷದ ನಲವತ್ತಮೂರು ಸಾವಿರವೂ ಇರಬಹುದು, ಎರಡು ಲಕ್ಷದ್ದೂ ಇರಬಹುದು. ಕ್ಲಚ್ ಪೆಡಲಿನ ರಬ್ಬರು ಎಷ್ಟು ಸವೆದಿದೆ ಎಂಬುದು ಆ ಮೀಟರಿಗಿಂತ ಹೆಚ್ಚು ನಿಜ ಹೇಳುತ್ತದೆ.

ಭಾಗಿಸುವ ಸಂಖ್ಯೆ ಯಾವುದು ಎಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಹಳೆಯ ಕಾರು ವರ್ಷಕ್ಕೆ 1,200 ಕಿ.ಮೀ. ಓಡಿ ಮೂರು ಸಲ ನಿಂತಿತು, ಹೊಸದು 15,000 ಕಿ.ಮೀ. ಓಡಿ ಎರಡು ಸಲ ನಿಂತಿತು ಎಂದಿಟ್ಟುಕೊಳ್ಳೋಣ. ವರ್ಷದ ಲೆಕ್ಕದಲ್ಲಿ ಮೂರಕ್ಕೆ ಎರಡು. ಏನೂ ವ್ಯತ್ಯಾಸವಿಲ್ಲ ಎಂದು ಜಗಲಿಯಲ್ಲಿ ವಾದಿಸಬಹುದು. ಹತ್ತು ಸಾವಿರ ಕಿಲೋಮೀಟರಿಗೆ ಇಷ್ಟೆಂದು ಹಿಡಿದರೆ ಹಳೆಯದಕ್ಕೆ 25, ಹೊಸದಕ್ಕೆ 1.3. ಹಾಗೆಂದು ಕಿಲೋಮೀಟರೊಂದನ್ನೇ ನೆಚ್ಚಿದರೆ ಹಳೆಯದಕ್ಕೆ ಅನ್ಯಾಯವೂ ಆಗುತ್ತದೆ. ಬ್ಯಾಟರಿ ಇಳಿಯುವುದು, ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ ಪೆಟ್ರೋಲ್ ಆರಿ ಅಂಟಾಗುವುದು, ಬ್ರೇಕಿನ ವೀಲ್ ಸಿಲಿಂಡರ್ ಕಚ್ಚಿಕೊಳ್ಳುವುದು, ಇವೆಲ್ಲ ಓಡಿದ್ದರಿಂದ ಬಂದವಲ್ಲ, ನಿಂತದ್ದರಿಂದ ಬಂದವು. ಅವನ್ನು ದಿನಗಳ ಲೆಕ್ಕಕ್ಕೂ, ಸವೆತ ಮತ್ತು ಬಿಸಿಯಿಂದ ಬಂದವನ್ನು ಕಿಲೋಮೀಟರಿನ ಲೆಕ್ಕಕ್ಕೂ ಹಾಕಿದರೆ ಚಿತ್ರ ತಿಳಿಯಾಗುತ್ತದೆ.

ಒಮ್ಮೆಯೂ ನಿಂತಿಲ್ಲ ಎಂಬ ಹೆಮ್ಮೆಗೂ ಒಂದು ಮಿತಿಯಿದೆ. ಸಂಖ್ಯಾಶಾಸ್ತ್ರದಲ್ಲಿ ಮೂರರ ನಿಯಮವೆಂಬುದಿದೆ: ಹತ್ತು ಸಾವಿರ ಕಿಲೋಮೀಟರಿನಲ್ಲಿ ಒಂದೂ ತೊಂದರೆ ಕಾಣದಿದ್ದರೆ, ನಿಜವಾದ ದರ ಅಷ್ಟು ದೂರಕ್ಕೆ ಸುಮಾರು ಮೂರರವರೆಗೂ ಇರಬಹುದೆಂದು 95 ಪ್ರತಿಶತ ಖಾತರಿಯಿಂದ ಹೇಳಬಹುದೇ ಹೊರತು, ಅದು ಸೊನ್ನೆಯೆಂದು ಹೇಳಲಾಗದು. ಒಂದು ಮಳೆಗಾಲ ಮತ್ತು ಒಂದು ಬೇಸಗೆ ಕಳೆಯುವ ಮುನ್ನ ಯಾವ ಕಾರಿಗೂ ಪ್ರಮಾಣಪತ್ರ ಕೊಡಬಾರದು.

ಏನು ಕೆಡುತ್ತದೆ, ಏಕೆ ಕೆಡುತ್ತದೆ

ಹೊಸ ಕಾರಿನಲ್ಲಿ ಬಿಡಿಭಾಗಗಳು ಹೆಚ್ಚು, ಆದ್ದರಿಂದ ಕೆಡುವುದೂ ಹೆಚ್ಚು ಎಂಬ ವಾದ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಗಣಿತ ಅದನ್ನು ಒಪ್ಪುವುದಿಲ್ಲ. ನೂರು ಭಾಗಗಳಿದ್ದು, ಪ್ರತಿಯೊಂದೂ ವರ್ಷವಿಡೀ ಕೆಡದೆ ಉಳಿಯುವ ಸಂಭವ ನೂರರಲ್ಲಿ 99 ಇದ್ದು, ಯಾವುದೊಂದು ಕೆಟ್ಟರೂ ಗಾಡಿ ನಿಲ್ಲುವುದಾದರೆ, ಇಡೀ ಗಾಡಿ ವರ್ಷ ಕಳೆಯುವ ಸಂಭವ ನೂರರಲ್ಲಿ 37 ಮಾತ್ರ. ಭಾಗಗಳು ಸಾವಿರವಾದರೂ ಪ್ರತಿಯೊಂದರ ಸಂಭವ ಹತ್ತು ಸಾವಿರದಲ್ಲಿ 9,999 ಆಗಿದ್ದರೆ ಇಡೀ ಗಾಡಿಯದು ನೂರರಲ್ಲಿ 90. ಕಳೆದ ಐವತ್ತು ವರ್ಷಗಳಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. ಭಾಗಗಳು ಹೆಚ್ಚಿದವು, ಆದರೆ ಒಂದೊಂದು ಭಾಗದ ನೆಚ್ಚಿಕೆ ಅದಕ್ಕಿಂತ ಹೆಚ್ಚಿತು.

ಹಳೆಯ ಕಾರಿನಲ್ಲಿ ಪ್ಲಗ್ಗುಗಳಿಗೆ ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಒಳಗೆ ಪಾಯಿಂಟ್ ಎಂಬ ಎರಡು ಪುಟ್ಟ ಲೋಹದ ಗುಂಡಿಗಳು ಒಂದನ್ನೊಂದು ತಟ್ಟುತ್ತ ಬಿಡುತ್ತ ಇರುತ್ತವೆ. ಲುಕಾಸ್ ಕಂಪನಿಯ ಹಳೆಯ ಮಾದರಿಯಲ್ಲಿ ಅವು ಪೂರ್ತಿ ತೆರೆದಾಗಿನ ಸಂದು ಹೆಚ್ಚುಕಡಿಮೆ 0.4 ಮಿ.ಮೀ., ಅಂದರೆ ದಪ್ಪ ಕಾರ್ಡೊಂದು ಬಿಗಿಯಾಗಿ ಹೋಗುವಷ್ಟು. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಈ ಗುಂಡಿಗಳು ನಿಮಿಷಕ್ಕೆ 6,000 ಸಲ ತೆರೆದು ಮುಚ್ಚುತ್ತವೆ. ಪ್ರತಿ ಸಲವೂ ಸಣ್ಣ ಕಿಡಿ ಹಾರಿ ಒಂದರ ಮೇಲೆ ಗುಳಿ, ಇನ್ನೊಂದರ ಮೇಲೆ ಗುಪ್ಪೆ ಏಳುತ್ತದೆ. ತಟ್ಟುವ ಹಿಮ್ಮಡಿ ಸವೆದು ಸಂದು ಕಿರಿದಾಗುತ್ತದೆ. ಪಕ್ಕದ ಕಂಡೆನ್ಸರ್ ದುರ್ಬಲವಾದರೆ ಕೆಲಸ ಇನ್ನೂ ಬೇಗ ಕೆಡುತ್ತದೆ. ಎಮರಿ ಕಾಗದದಿಂದ ತಿಕ್ಕಿ ಹೊಂದಿಸುವುದನ್ನು ನಮ್ಮ ತಂದೆಯವರ ಪೀಳಿಗೆಯವರು ಗಾಡಿ ಓಡಿಸುವ ಕೌಶಲದ ಭಾಗವೆಂದೇ ತಿಳಿದಿದ್ದರು. ಇಂದಿನ ಕಾರಿನಲ್ಲಿ ಆ ಜಾಗದಲ್ಲಿ ಒಂದಕ್ಕೊಂದು ತಾಗುವ ಭಾಗವೇ ಇಲ್ಲ. ಇರಿಡಿಯಮ್ ತುದಿಯ ಪ್ಲಗ್ಗು ಲಕ್ಷ ಕಿಲೋಮೀಟರಿನ ತನಕವೂ ಬಾಳುವುದುಂಟು.

ಆರೈಕೆಯ ಅಂತರವೂ ಇದೇ ಕಥೆಯನ್ನು ಹೇಳುತ್ತದೆ. ಮಾರಿಸ್ ಬಳಗದ ಹಳೆಯ ಗಾಡಿಗಳ ಮುಂಬದಿಯ ಕೀಲುಗಳಿಗೆ ಸಾವಿರ ಮೈಲಿಗೊಮ್ಮೆ ಗ್ರೀಸು ಒತ್ತಬೇಕಿತ್ತು. ಈಗಿನ ಹೆಚ್ಚಿನ ಕಾರುಗಳಲ್ಲಿ ಎಣ್ಣೆ ಬದಲಾಯಿಸುವ ಅಂತರವೇ 10,000 ಕಿ.ಮೀ., ಕೀಲುಗಳು ಮುಚ್ಚಿದವು, ಗ್ರೀಸಿನ ಮೊಲೆಯೇ ಇಲ್ಲ. ಅಷ್ಟೊಂದು ಆರೈಕೆ ಮಾಡಿದ್ದರಿಂದಲೇ ಹಳೆಯ ಗಾಡಿ ಓಡಿತು. ಆದರೆ ಜನರು ಆರೈಕೆಯನ್ನು ಮರೆತು ಓಟವನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ.

ಒಂದು ವಿನಾಯಿತಿಯನ್ನು ಹೇಳದಿದ್ದರೆ ನಮ್ಮ ಊರಿನವರು ನನ್ನನ್ನು ಬಿಡಲಾರರು: ಡೀಸೆಲ್ ಜೀಪು. ನಮ್ಮ ಕಾಸರಗೋಡು ಜಿಲ್ಲೆಯ ಬಂದಡ್ಕ, ಪಾಣತ್ತೂರು ಕಡೆಯ ಏರುರಸ್ತೆಗಳಲ್ಲಿ, ಒಳಗೆ ಹಿಡಿಸುವಷ್ಟು ಜನರನ್ನೂ ಹಿಂದೆ ನೇತಾಡುವಷ್ಟು ಜನರನ್ನೂ ಹೊತ್ತು ಮಳೆಗಾಲವಿಡೀ ಓಡಿದ ಸರ್ವೀಸ್ ಜೀಪುಗಳ ಹೆಸರು ಸುಮ್ಮನೆ ಬಂದದ್ದಲ್ಲ. ಹಳೆಯ ಪೆಟ್ರೋಲ್ ಗಾಡಿಗಳ ಮಳೆಗಾಲದ ತೊಂದರೆಗಳಲ್ಲಿ ಬಹುಪಾಲು ಕಿಡಿಗೆ ಸಂಬಂಧಿಸಿದವು: ಮುಚ್ಚಳದೊಳಗೆ ತೇವ, ಪ್ಲಗ್ಗಿನ ತಂತಿಯಲ್ಲಿ ಸೋರಿಕೆ. ಡೀಸೆಲ್ ಇಂಜಿನ್ನಿಗೆ ಕಿಡಿಯೇ ಬೇಡವಾದ್ದರಿಂದ ನೆನೆಯಲು ಅಲ್ಲಿ ಏನೂ ಇಲ್ಲ. ಜೊತೆಗೆ ಇಂಜಿನ್ ಒಮ್ಮೆ ಹೊತ್ತಿಕೊಂಡ ಮೇಲೆ ಡೀಸೆಲ್ ಒತ್ತುವ ಹಳೆಯ ಯಾಂತ್ರಿಕ ಪಂಪು ಬ್ಯಾಟರಿಯನ್ನೂ ಹೆಚ್ಚು ಕೇಳುವುದಿಲ್ಲ. ಹಳೆಯದರ ಪರವಾಗಿ ವಾದಿಸುವವರಿಗೆ ಸಿಗುವ ಅತ್ಯುತ್ತಮ ಸಾಕ್ಷಿ ಇದು. ಅದು ಹಳೆಯದೆಂಬುದಕ್ಕಿಂತ ಸರಳವಾದ ಡೀಸೆಲ್ ಎಂಬುದೇ ಅದರ ಕಾರಣವೆಂಬುದನ್ನು ಮಾತ್ರ ಮರೆಯಬಾರದು.

ಹೊಸ ಕಾರಿನ ತೊಂದರೆಗಳು ಬೇರೆ ಜಾತಿಯವು. ಇಂಜಿನ್ ಮುರಿಯುವುದಕ್ಕಿಂತ ಅದರ ಸುದ್ದಿ ಹೊರುವ ವ್ಯವಸ್ಥೆ ಕೆಡುವುದೇ ಹೆಚ್ಚು. ಕ್ರ್ಯಾಂಕಿನ ಸ್ಥಾನವನ್ನು ತಿಳಿಸುವ ಒಂದು ಪುಟ್ಟ ಸೆನ್ಸರ್ ಸತ್ತರೆ, ಎಷ್ಟೇ ಒಳ್ಳೆಯ ಇಂಜಿನ್ನಿದ್ದರೂ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್-6 ನಿಯಮದಂತೆ 2020ರ ಏಪ್ರಿಲಿನಿಂದ ಬಂದ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿಯಿದೆ. ದಿನವೂ ಮನೆಯಿಂದ ಎರಡು ಕಿಲೋಮೀಟರಿನ ಪೇಟೆಗೆ ಮಾತ್ರ ಹೋಗಿಬರುವ ಗಾಡಿಯಲ್ಲಿ ಆ ಮಸಿ ಸುಟ್ಟುಹೋಗುವಷ್ಟು ಬಿಸಿಯೇ ಏರದೆ ಜಾಲರಿ ಕಟ್ಟಿಕೊಳ್ಳುತ್ತದೆ. ಎ.ಡಿ.ಎ.ಸಿ.ಯ ಲೆಕ್ಕದಲ್ಲಿ ಗಾಡಿ ನಿಲ್ಲಿಸುವ ಅತಿ ಸಾಮಾನ್ಯ ಕಾರಣ ಮಾತ್ರ ಅಂದಿನದೇ: 12 ವೋಲ್ಟಿನ ಬ್ಯಾಟರಿ. ಇದನ್ನು ಓದಿದಾಗ ನನಗೆ ಸ್ವಲ್ಪ ಸಮಾಧಾನವೇ ಆಯಿತು.

ನಮ್ಮ ರಸ್ತೆ, ನಮ್ಮ ಮಳೆ

ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ, ಪಡುವಲಿನಲ್ಲಿ ಉಪ್ಪುಗಾಳಿಯೂ ಮೂಡಲಿನಲ್ಲಿ ಏರುತಗ್ಗಿನ ರಸ್ತೆಗಳೂ ಇರುವ ಜಿಲ್ಲೆಯಲ್ಲಿ ಜರ್ಮನಿಯ ಅಂಕಿಗಳು ಹಾಗೆಯೇ ನಡೆಯುವುದಿಲ್ಲ. ಆದ್ದರಿಂದ ಹೋಲಿಕೆಯನ್ನು ನೀವು ನಿಜವಾಗಿ ಓಡಾಡುವ ದಾರಿಯ ಮೇಲೆಯೇ ಮಾಡಬೇಕು. ನಾನು ಆರಿಸಿಕೊಂಡದ್ದು ಚೆರ್ಕಳದಿಂದ ಮುಳ್ಳೇರಿಯದ ಮೂಲಕ ಜಾಲ್ಸೂರಿಗೆ ಹೋಗುವ ರಸ್ತೆ. ಎರಡೂ ಕಾರುಗಳನ್ನು ಒಂದೇ ವಾರದಲ್ಲಿ, ಒಂದೇ ಹೊತ್ತಿನಲ್ಲಿ, ಅಷ್ಟೇ ಜನರನ್ನು ಕೂರಿಸಿ ಓಡಿಸಿದರೆ, ಬಿಸಿಯ ಮುಳ್ಳು ಎಲ್ಲಿ ಏರುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಎಲ್ಲಿ ಮೆತ್ತಗಾಗುತ್ತದೆ ಎಂಬುದು ಮೂರ್ನಾಲ್ಕು ಓಟಗಳಲ್ಲಿ ಗೊತ್ತಾಗುತ್ತದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕಿರುವ ಗಾಡಿಯಲ್ಲಿ ನೀರು ನಿಂತ ಜಾಗ ದಾಟಿದೊಡನೆ ಪೆಡಲನ್ನು ಮೃದುವಾಗಿ ಒತ್ತಿ ಸ್ವಲ್ಪ ದೂರ ಓಡಿಸಿ ಒಣಗಿಸಿಕೊಳ್ಳಬೇಕು. ಇಲ್ಲವಾದರೆ ಮುಂದಿನ ತಿರುವಿನಲ್ಲಿ ಬ್ರೇಕ್ ಇದ್ದೂ ಇಲ್ಲದಂತಾದೀತು.

ಎರಡು ಪ್ರಸಂಗಗಳನ್ನು ಪುಸ್ತಕದಿಂದಲೇ ಎತ್ತಿ ಹೇಳುತ್ತೇನೆ. ಒಂದು ಏಪ್ರಿಲ್ ಮಧ್ಯಾಹ್ನ ಹಳೆಯ ಕಾರು ಏರಿನ ನಡುವೆ ಎರಡು ಸಲ ಜಗ್ಗಿ ನಿಂತಿತು. ಬಾನೆಟ್ಟು ತೆರೆದರೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಇಂಜಿನ್ನಿಗೆ ಅಂಟಿಕೊಂಡ ಪೆಟ್ರೋಲ್ ಪಂಪಿನಲ್ಲಿ ಪೆಟ್ರೋಲೇ ಆವಿಯಾಗಿ, ಪಂಪು ಗಾಳಿಯನ್ನು ಜಗಿಯುತ್ತಿತ್ತು. ಹೆಗಲ ಮೇಲಿನ ಬೈರಾಸನ್ನು ರಸ್ತೆ ಬದಿಯ ತೋಡಿನಲ್ಲಿ ಅದ್ದಿ ಪಂಪಿನ ಮೇಲೆ ಹಾಕಿದೆ. ಹಬೆ ಎದ್ದಿತು, ಕಾಲು ಗಂಟೆ ಕಾದೆ, ಕಾರು ಹೊತ್ತಿಕೊಂಡಿತು, ಖರ್ಚು ಏನೂ ಇಲ್ಲ. ಇನ್ನೊಮ್ಮೆ, ಅಡಿಕೆ ಒಣಗುವ ಕಾಲದಲ್ಲಿ ಅಂಗಳದ ಬದಿಯಲ್ಲಿ ನಾಲ್ಕು ದಿನ ನಿಲ್ಲಿಸಿದ್ದ ಹೊಸ ಕಾರಿನಲ್ಲಿ ಇಲಿಯೊಂದು ಬೆರಳುದ್ದದ ತಂತಿಯನ್ನು ಕಡಿದಿತ್ತು. ಕೀಲಿ ತಿರುಗಿಸಿದರೆ ದೀಪಗಳೆಲ್ಲ ಉರಿದವು, ಇಂಜಿನ್ ಮಾತಾಡಲಿಲ್ಲ. ನಮ್ಮ ಪೇಟೆಯ ಅನುಭವಸ್ಥ ಮೆಕ್ಯಾನಿಕ್ ಬಂದು ನೋಡಿ, ಸ್ಕ್ಯಾನರ್ ಹಾಕದೆ ತಾನು ಕೈಹಾಕಲಾರೆ ಎಂದರು. ಲಾರಿಯ ಮೇಲೇರಿಸಿ ಕಳುಹಿಸಿ, ತಂತಿಯ ಕಂತೆ ಬರುವ ತನಕ ಕಾದು, ಕಾರು ಮನೆಗೆ ಮರಳಲು ಆರು ದಿನ ಬೇಕಾಯಿತು.

ಪುಸ್ತಕದಲ್ಲಿ ಎರಡೂ ‘ನಿಂತಿತು’ ಎಂದೇ ದಾಖಲಾಗಿವೆ. ಮತ್ತೆ ಓಡುವ ತನಕದ ಹೊತ್ತಿನ ಕಂಬಸಾಲನ್ನು ನೋಡಿದರೆ ಮಾತ್ರ ಒಂದರಲ್ಲಿ 15 ನಿಮಿಷ, ಇನ್ನೊಂದರಲ್ಲಿ ಆರು ದಿನ. ಜಗಲಿಯ ಮಾತಿನಲ್ಲಿರುವ ಸತ್ಯಾಂಶವೆಲ್ಲ ಈ ಕಂಬಸಾಲಿನಲ್ಲಿದೆ. ಹಳೆಯ ಕಾರು ಹೆಚ್ಚು ಸಲ ನಿಲ್ಲುತ್ತದೆ, ಆದರೆ ಮೊದಲೇ ಸದ್ದು, ವಾಸನೆ, ಜಗ್ಗುವಿಕೆಗಳಿಂದ ಸೂಚನೆ ಕೊಟ್ಟು ನಿಲ್ಲುತ್ತದೆ, ಮತ್ತು ಬೈರಾಸಿನಿಂದಲೋ ತಿರುಪುಳಿಯಿಂದಲೋ ಏಳುತ್ತದೆ. ಹೊಸದು ಅಪರೂಪಕ್ಕೆ ನಿಲ್ಲುತ್ತದೆ, ನಿಂತರೆ ಪೂರ್ತಿ ನಿಲ್ಲುತ್ತದೆ. ಇದು ರಿಪೇರಿಗೆ ಒಗ್ಗುವ ಗುಣದ ಗೆಲುವೇ ಹೊರತು ನೆಚ್ಚಿಕೆಯದಲ್ಲ. ಎದೆನೋವಿನ ರಾತ್ರಿಯಲ್ಲಿ ಆ 15 ನಿಮಿಷವೂ ನಮ್ಮ ಬಳಿ ಇರುವುದಿಲ್ಲವಾದ್ದರಿಂದಲೇ ಕೈ ಹೊಸ ಕೀಲಿಯತ್ತ ಹೋಗುತ್ತದೆ. ಇನ್ನು ಈ ಅನುಕೂಲವೂ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ಪಾಯಿಂಟಿನ ಸಂದನ್ನು ಕಣ್ಣಳತೆಯಲ್ಲಿ ಹೊಂದಿಸಬಲ್ಲ ಕೈಗಳು ವರ್ಕ್‌ಶಾಪುಗಳಲ್ಲಿ ಕಡಿಮೆಯಾಗುತ್ತಿವೆ, ಮೂಲ ಬಿಡಿಭಾಗಕ್ಕೆ ಗುಜರಿಯ ಅಂಗಡಿಗಳನ್ನೇ ಸುತ್ತಬೇಕಾಗಿದೆ. ಹೊಸ ಕಾರಿನ ತಂತಿ ಆರು ದಿನಕ್ಕಾದರೂ ಬಂತು. ಹಳೆಯದರ ಒಂದು ವೀಲ್ ಸಿಲಿಂಡರಿಗೆ ನಾನು ಎರಡು ತಿಂಗಳು ಕಾದದ್ದೂ ಉಂಟು. ಅದೂ ಪುಸ್ತಕದಲ್ಲಿದೆ.

ಹಳೆಯದನ್ನು ಕೊಳ್ಳುವವರು, ಉಳಿಸಿಕೊಳ್ಳುವವರು ನೋಡಬೇಕಾದದ್ದು

ಕೊಳ್ಳುವ ಮೊದಲು ಕಾರನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ನೋಡಬೇಕು. ನೀವು ಬರುವ ಮೊದಲೇ ಬಿಸಿಯಾಗಿಸಿಟ್ಟ ಇಂಜಿನ್ ತನ್ನ ಗುಟ್ಟುಗಳನ್ನು ಹೇಳುವುದಿಲ್ಲ. ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದಾಗ ಎಳೆದಾಡಿದರೆ ಪಂಪು, ಕಾಯಿಲು, ಕಾರ್ಬ್ಯುರೇಟರ್ ಮೂರನ್ನೂ ಅನುಮಾನಿಸಬೇಕು. ನೆಲಕ್ಕೆ ಹಾಸಿದ ಚಾಪೆ ಎತ್ತಿ, ಚಾಲಕನ ಕಾಲ್ದೆಸೆಯನ್ನೂ ಬಾಗಿಲಿನ ಕೆಳಗಿನ ಅಂಚನ್ನೂ ತಿರುಪುಳಿಯ ಹಿಡಿಯಿಂದ ತಟ್ಟಿ ನೋಡಬೇಕು. ಉಪ್ಪಳದಿಂದ ಹೊಸದುರ್ಗದ ತನಕದ ಕರಾವಳಿಯಲ್ಲಿ ನಿಂತಿದ್ದ ಗಾಡಿಯಾದರೆ ಇದನ್ನು ಎರಡು ಸಲ ಮಾಡಬೇಕು. ಇಂಜಿನ್ ಬೋರು ಮಾಡಿಸಬಹುದು, ಗೇರ್‌ಬಾಕ್ಸ್ ಬದಲಾಯಿಸಬಹುದು, ತುಕ್ಕು ತಿಂದ ತಳವನ್ನು ಮಾತ್ರ ಮತ್ತೆ ಮೊದಲಿನಂತೆ ಮಾಡಲಾಗದು.

ಪೆಟ್ರೋಲಿನ ವಿಷಯದಲ್ಲಿ ಎರಡು ಮಾತು. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲ್ 2000ದಲ್ಲಿ ನಿಂತುಹೋಯಿತು. ಅದಕ್ಕೆಂದೇ ತಯಾರಾದ ಹಳೆಯ ಇಂಜಿನ್ನುಗಳಲ್ಲಿ ವಾಲ್ವ್ ಕೂರುವ ಜಾಗ ಮೆಲ್ಲಮೆಲ್ಲನೆ ಸವೆದು ತಗ್ಗುತ್ತದೆ. ಹೆಡ್ ಬಿಚ್ಚುವ ಸಂದರ್ಭ ಬಂದಾಗ ಗಟ್ಟಿ ಉಕ್ಕಿನ ಸೀಟುಗಳನ್ನು ಕೂರಿಸಿಕೊಂಡರೆ ಆ ಚಿಂತೆ ಮುಗಿಯಿತು. ಈಗಿನ ಪೆಟ್ರೋಲಿನಲ್ಲಿ 20 ಪ್ರತಿಶತ ಎಥನಾಲಿದೆ. ಅದು ಹಳೆಯ ರಬ್ಬರು ಕೊಳವೆಗಳನ್ನೂ ಡಯಾಫ್ರಾಮನ್ನೂ ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಹೀರಿ ಟ್ಯಾಂಕಿನ ತಳಕ್ಕೆ ನೀರಿಳಿಸುತ್ತದೆ. ಎಥನಾಲ್ ತಾಳುವ ಕೊಳವೆಗಳನ್ನು ಹಾಕಿಸಿ, ಮಳೆಗಾಲದಲ್ಲಿ ಓಡಿಸದೆ ಇಡುವುದಾದರೆ ಕಾರ್ಬ್ಯುರೇಟರಿನ ಬಟ್ಟಲನ್ನು ಬರಿದು ಮಾಡಿ ನಿಲ್ಲಿಸಬೇಕು.

ಹೊಸ ಕಾರಿನವರಿಗೆ ಹೇಳುವುದು ಕಡಿಮೆ. ಬಾನೆಟ್ಟನ್ನು ವಾರಕ್ಕೊಮ್ಮೆ ತೆರೆದು ಇಲಿಯ ಹಿಕ್ಕೆ, ಅಡಿಕೆ ಸಿಪ್ಪೆ, ಹುಲ್ಲಿನ ತುಂಡು ಕಾಣುತ್ತದೆಯೇ ಎಂದು ನೋಡುವುದು, ಬ್ಯಾಟರಿಯನ್ನು ನಾಲ್ಕನೆಯ ವರ್ಷದಿಂದ ಮಳೆಗಾಲಕ್ಕೆ ಮುನ್ನ ಪರೀಕ್ಷಿಸುವುದು, ತುಂಬಿ ಹರಿಯುವ ತೋಡಿನ ನೀರಿಗೆ ಗಾಡಿ ಇಳಿಸದಿರುವುದು. ಗಾಳಿ ಎಳೆಯುವ ಕೊಳವೆಯ ಬಾಯಿಗೆ ನೀರು ಹೊಕ್ಕರೆ ಪಿಸ್ಟನ್ನಿನ ಮೇಲೆ ಒತ್ತಲಾಗದ ನೀರು ಕುಳಿತು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಾಗೆ ನಿಂತ ಇಂಜಿನ್ನನ್ನು ಎಂದಿಗೂ ಮತ್ತೆ ಸ್ಟಾರ್ಟ್ ಮಾಡಲು ಯತ್ನಿಸಬಾರದು.

ಪುಸ್ತಕ ತೆರೆದ ಮೊದಲ ವರ್ಷದ ಕೊನೆಗೆ ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು, ಹತ್ತು ಸಾವಿರ ಕಿಲೋಮೀಟರಿಗೆ ಎಷ್ಟು ಸಲ ನಿಂತಿತು, ನಿಂತದ್ದರಿಂದ ಒಟ್ಟು ಎಷ್ಟು ಗಂಟೆ ಹೋಯಿತು, ಹಿಂಬದಿಯ ಪುಟಗಳಲ್ಲಿರುವ ಆರೈಕೆಗೆ ಎಷ್ಟು ಭಾನುವಾರಗಳು ಹಿಡಿದವು, ಈ ಮೂರು ಅಂಕಿಗಳನ್ನು ಬರೆದುಕೊಳ್ಳಬೇಕು. ನನ್ನ ಪುಸ್ತಕದಲ್ಲಿ ಮೊದಲನೆಯದೂ ಮೂರನೆಯದೂ ಹೊಸ ಕಾರಿನ ಕಡೆಗೆ, ಇಲಿಯ ದೆಸೆಯಿಂದ ಎರಡನೆಯದು ಆ ಒಂದು ವರ್ಷಕ್ಕೆ ಹಳೆಯದರ ಕಡೆಗೆ ವಾಲಿದವು. ವೀಲ್ ಸಿಲಿಂಡರಿನ ಎರಡು ತಿಂಗಳು ಬಂದದ್ದು ಮರುವರ್ಷದ ಪುಟದಲ್ಲಿ.